ಬೆವರಿಲ್ಲದ ಅರಮನೆ

ಗೋಪಾಲಸ್ವಾಮಿಯ ಕೃಪೆಯಿಂದ ಅಂಕಣದುರ್ಗದಲ್ಲಿ ಎಲ್ಲವೂ ಸೊಗಸಾಗಿತ್ತು, ಸೆಖೆಯೊಂದನ್ನು ಬಿಟ್ಟು. ಆ ವೈಶಾಖದಲ್ಲಿ ದೊರೆ ಗಿರಿಯಪ್ಪ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿ ಸಾರಿದ: "ಇವತ್ತಿನಿಂದ ನನ್ನ ಅರಮನೆಯಲ್ಲಿ ಯಾರೂ ಬೆವರಕೂಡದು!"

ಪರದೇಶದ ವರ್ತಕನೊಬ್ಬ ಗಾಳಿಯಂತ್ರ ತಂದುಕೊಟ್ಟಿದ್ದ. ನಾಲ್ವರು ಜಟ್ಟಿಗಳು ಚಕ್ರ ತಿರುಗಿಸಿದರೆ ತೊಗಲಿನ ರೆಕ್ಕೆಗಳು ಗಿರ್ರೆಂದು ಸುತ್ತಿ ಸಿಂಹಾಸನದ ಕಡೆ ಗಾಳಿ ಬೀಸುತ್ತಿದ್ದವು. ಇನ್ನೇಕೆ ಹಳೆಯದು ಎಂದು ದೊರೆ ತಾಳೆಗರಿಯ ಬೀಸಣಿಗೆಗಳನ್ನೆಲ್ಲ ಬಚ್ಚಲೊಲೆಗೆ ಹಾಕಿಸಿದ. ಗೋಪಾಲಸ್ವಾಮಿ ಗುಡಿಯದನ್ನೂ ಬಿಡಲಿಲ್ಲ.

ಮಾರನೆಯ ದಿನ, ಗುಡಿಯಲ್ಲಿ ಸ್ವಾಮಿಗೆ ಗಾಳಿ ಬೀಸುವ ಮುದುಕಿ ಅಚ್ಚಮ್ಮ ಆಸ್ಥಾನದ ವಿದೂಷಕ ಸಂಪಿಗಯ್ಯನ ಜಗಲಿಯಲ್ಲಿ ಕೂತಿದ್ದಳು.

"ನೈವೇದ್ಯ ಆದಮೇಲೆ ನನ್ನ ಗೋಪಾಲ ಮಗೂಗೆ ಗಾಳಿ ಬೀಸದೆ ನಾನು ತುತ್ತು ಬಾಯಿಗಿಟ್ಟವಳಲ್ಲ ಕಣಪ್ಪ. ಗುಡಿಗೂ ಯಂತ್ರ ಬರುತ್ತೆ, ಅಲ್ಲೀತನಕ ಸ್ವಾಮಿ ಕಾಯಲಿ ಅಂದುಬಿಟ್ಟರು ದೊರೆಗಳು."

"ಮತ್ತೆ ನಿನ್ನೆಯಿಂದ ಊಟ?"

"ಮಗು ಬೆವರುವಾಗ ನನಗೆಂಥ ಊಟ?"

ಅವಳ ಸೆರಗಿನೊಳಗೆ ಒಂದು ಬೀಸಣಿಗೆ ಬಚ್ಚಲೊಲೆಯ ಕಣ್ಣು ತಪ್ಪಿಸಿ ಉಳಿದಿತ್ತು. ಸಂಪಿಗಯ್ಯ ಅದನ್ನು ಕೇಳಿ ಪಡೆದು, ಗುಡಿಯ ಕಡೆ ಕೈಮುಗಿದು, "ಮಾತು ನೀನೇ ಆಡಿಸಪ್ಪ" ಎಂದುಕೊಂಡು ಸಭೆಗೆ ಹೋದ.

"ಪ್ರಭು, ಅಪ್ಪಣೆ ಮೀರಿದವರು ಅರಮನೆಯಲ್ಲೇ ಇದ್ದಾರೆ."

"ಯಾರೋ ಅವರು?"

"ಈ ನಾಲ್ವರು ಜಟ್ಟಿಗಳು. ನೋಡಿ, ತೊಟ್ಟಿಕ್ಕುವಂತೆ ಬೆವರುತ್ತಿದ್ದಾರೆ. ಶಿಕ್ಷೆಯಾಗಬೇಕು."

ಜಟ್ಟಿಗಳು ಬೆಚ್ಚಿ ಚಕ್ರ ಬಿಟ್ಟರು. ಗಾಳಿ ನಿಂತಿತು.

"ತಿರುಗಿಸ್ರೋ!" ಎಂದ ದೊರೆ. "ಅವರಿಗೂ ಒಂದು ಯಂತ್ರ ಕೊಡಿಸಿದರಾಯಿತು."

ವರ್ತಕನ ಮುಖ ಅರಳಿತು.

"ಧರ್ಮಪ್ರಭುಗಳು!" ಸಂಪಿಗಯ್ಯ ಬಾಗಿದ. "ಆ ಯಂತ್ರ ತಿರುಗಿಸೋರು?"

"ಬೇರೆ ಜಟ್ಟಿಗಳು."

"ಅವರು ಬೆವರಿದರೆ?"

"ಇನ್ನೊಂದು ಯಂತ್ರ!"

"ಅಪ್ಪಣೆ. ಅಂಗಳ ತುಂಬಿದಮೇಲೆ ಬೀದಿಯಲ್ಲಿ ನಿಲ್ಲಿಸೋಣ. ಆಮೇಲೆ ಕೋಟೆ ಬಾಗಿಲಾಚೆ, ಗದ್ದೆಯಲ್ಲಿ. ಒಂದೇ ಸಣ್ಣ ಸಂಶಯ, ಪ್ರಭು. ಕೊನೇ ಯಂತ್ರ ನೆರೆರಾಜ್ಯದ ಗಡಿ ದಾಟುತ್ತೆ. ಅದನ್ನು ತಿರುಗಿಸೋಕೆ ಆ ದೊರೆಯನ್ನೇ ಬರಹೇಳೋಣವೇ?"

ದೊರೆ ಯೋಚಿಸಿದ. ಯೋಚಿಸುತ್ತ ಯೋಚಿಸುತ್ತ ಹಣೆಯಲ್ಲಿ ಬೆವರು ಮೂಡಿತು. ಜಟ್ಟಿಗಳೂ ಕೊನೇ ಯಂತ್ರದ ಯೋಚನೆಯಲ್ಲಿ ಚಕ್ರ ಮರೆತು ನಿಂತಿದ್ದರು. ವರ್ತಕ ಸದ್ದಿಲ್ಲದೆ ಬಾಗಿಲ ಕಡೆ ಸರಿಯುತ್ತಿದ್ದ.

"ಅಯ್ಯೋ, ಒಂದು ಬೀಸಣಿಗೆ ಕೊಡ್ರೋ!" ದೊರೆ ಕೂಗಿದ.

ಸಂಪಿಗಯ್ಯ ನಡುವಿಗೆ ಸಿಕ್ಕಿಸಿದ್ದ ಬೀಸಣಿಗೆ ತೆಗೆದು ಮೆಲ್ಲಗೆ ಬೀಸತೊಡಗಿದ. ದೊರೆ ಕಣ್ಣು ಮುಚ್ಚಿ ಉಸಿರುಬಿಟ್ಟ. ಆಮೇಲೆ ಒಂದೇ ಕಣ್ಣು ತೆರೆದ.

"ಸಿಕ್ಕಿಬಿದ್ದೆಯಲ್ಲೋ! ಬೀಸಿ ಬೀಸಿ ನೀನು ಬೆವರಿದರೆ ಏನು ಮಾಡ್ತೀಯ?"

"ನನ್ನ ಕಡೆ ತಿರುಗಿಸ್ಕೋತೀನಿ, ಪ್ರಭು."

ದೊರೆ ಸಿಂಹಾಸನ ಅಲ್ಲಾಡುವಂತೆ ನಕ್ಕ. "ಏನು ಬೇಕೋ ಕೇಳು!"

"ನನಗೇನೂ ಬೇಡ. ಗುಡಿಯಲ್ಲಿ ಸ್ವಾಮಿಗೆ ಸೆಖೆ, ಅಚ್ಚಮ್ಮನಿಗೆ ಹಸಿವು."

ದೊರೆಯ ನಗು ನಿಂತಿತು. ಬೀಸಣಿಗೆ ಹಿಡಿದು ಬರಿಗಾಲಲ್ಲೇ ಗುಡಿಗೆ ನಡೆದ. ನೈವೇದ್ಯ ಆಗಷ್ಟೇ ಮುಗಿದಿತ್ತು. ತಪ್ಪಾಯಿತು ಸ್ವಾಮಿ ಎಂದು ತಾನೇ ನಿಂತು, ಕತ್ತಿ ಬೀಸಿದ ಹಾಗೆ ಜೋರುಜೋರಾಗಿ ಬೀಸಿದ.

ಅಚ್ಚಮ್ಮ ಅವನ ಕೈಯಿಂದ ಬೀಸಣಿಗೆ ತೆಗೆದುಕೊಂಡಳು.

"ಹಂಗಲ್ಲ ದೊರೆ, ಮೆಲ್ಲಗೆ. ಮಗು ಈಗ ತಾನೇ ಉಂಡು ಮಲಗಿದೆ."