ಮಜ್ಜಿಗೆ ಮೆಣಸಿನಕಾಯಿಯ ಪಂದ್ಯ

"ಗುರುಗಳೇ, ಬದಲಾಗದವನು ಮಠದಲ್ಲಿದ್ದು ಏನು ಪ್ರಯೋಜನ?" ಎಂದು ಶಿಷ್ಯ ಚನ್ನವೀರ ಕೇಳಿದ.

ಮಧ್ಯಾಹ್ನದ ಊಟ ಮುಗಿದಿತ್ತು. ಅಡಿಗೆಯವನು ಊರಿಗೆ ಹೋಗಿದ್ದರಿಂದ ಅಂದಿನ ಅಡಿಗೆ ಗುರುಗಳದ್ದೇ. ಅವರು ಬಡಿಸಿದ್ದನ್ನು ಚನ್ನವೀರ ಸುಮ್ಮನೆ ಉಂಡು ಎದ್ದಿದ್ದ. ಗುರುಗಳು ತಮ್ಮ ನೆಗ್ಗಿದ ತಟ್ಟೆಯನ್ನು ತೊಳೆದು ಗೋಡೆಗೆ ಒರಗಿಸುತ್ತಿದ್ದರು. ಚನ್ನವೀರನ ಗಂಟು ಆಗಲೇ ಬಾಗಿಲ ಬಳಿ ಸಿದ್ಧವಾಗಿತ್ತು. ಸಿಟ್ಟು ಬಿಡಬೇಕೆಂದು ಮಠಕ್ಕೆ ಬಂದವನು ಅವನು. ಇಷ್ಟು ವರ್ಷವಾದರೂ ಇದ್ದ ಹಾಗೇ ಇದ್ದೇನೆ, ಇನ್ನು ಇಲ್ಲಿದ್ದರೆ ಕೂಳಿಗೆ ದಂಡ, ಭೂಮಿಗೆ ಭಾರ, ಹೊರಡಲು ಅಪ್ಪಣೆ ಕೊಡಿ ಎಂದ.

"ಹೋಗುವೆಯಂತೆ. ಉಂಡ ಕೂಡಲೇ ನಡೆದರೆ ಹೊಟ್ಟೆ ನೋಯುತ್ತದೆ, ಕೂತುಕೋ" ಎಂದು ಗುರುಗಳು ಕತೆ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಹೆಸರಿಲ್ಲದೆ ಕತೆ ಕೇಳಲು ನಿನಗೆ ಬರುವುದಿಲ್ಲ, ಕೊಟ್ರಪ್ಪ ಅಂತಿಟ್ಟುಕೋ. ಅವನದು ಮಜ್ಜಿಗೆ ಮೆಣಸಿನಕಾಯಿಯ ವ್ಯಾಪಾರ. ಹಸಿ ಮೆಣಸಿನಕಾಯಿಯನ್ನು ಸೀಳಿ, ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ನೆನೆಹಾಕಿ, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಹಾಕಿ, ಮತ್ತೆ ಒಣಗಿಸುವುದು. ನಿನಗೆ ಬೇರೆ ಹೇಳಬೇಕೇ, ಅದಿಲ್ಲದೆ ನಿನಗೆ ಮೊಸರನ್ನ ಇಳಿಯುವುದಿಲ್ಲ.

ಕೊಟ್ರಪ್ಪನಿಗೆ ತನ್ನ ನಾಲಿಗೆಯ ಮೇಲೆ ಭಾರಿ ಹೆಮ್ಮೆ. ಪ್ರತಿ ಸಲ ಸರಕು ಒಣಗಿದಾಗ ಒಂದನ್ನು ಎಣ್ಣೆಯಲ್ಲಿ ಕರಿಸಿ, ಕಡಿದು ನೋಡಿ, ಅವನು ಹೂಂ ಅಂದರೇನೇ ಅದು ಅಂಗಡಿಗೆ ಹೋಗಬೇಕು. ಹೂಂ ಅಂದ ಮೇಲೂ ತಿನ್ನುವುದು ನಿಲ್ಲುತ್ತಿರಲಿಲ್ಲ. ಅನ್ನಕ್ಕೂ ಅದೇ, ರೊಟ್ಟಿಗೂ ಅದೇ. ರಕ್ತದೊತ್ತಡ ಏರಿತು. ಅವನ ಅಣ್ಣ ಹೀಗೇ ತಿಂದು ಲಕ್ವ ಹೊಡೆದು ಸತ್ತಿದ್ದ. ಉಪ್ಪು ಬಿಡದಿದ್ದರೆ ನಿನ್ನ ದಾರಿಯೂ ಅದೇ ಎಂದು ಡಾಕ್ಟರು ಮುಖಕ್ಕೆ ಹೇಳಿದರು. ಹೆಂಡತಿ ಅತ್ತಳು. ಅವನಿಗೂ ಹೆದರಿಕೆಯಾಯಿತು. ಆದರೆ ತಟ್ಟೆಯ ಮುಂದೆ ಕೂತರೆ ಸಾಕು, ಹೆದರಿಕೆ ಎದ್ದು ಹೋಗುತ್ತಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಿದ್ದ. ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು, ಉಳಿದದ್ದು ಉಪ್ಪೊಂದೇ.

ಅವನ ತಂಗಿಯ ಮಗಳು ದಾಕ್ಷಾಯಣಿ ಇಂಜಿನಿಯರು. ಸೇತುವೆ ಕಟ್ಟುವವಳಲ್ಲ. ತಿನ್ನುವ ಪದಾರ್ಥ ಕೆಡದಂತೆ, ರುಚಿ ಹೋಗದಂತೆ, ಮೈಗೆ ಒಗ್ಗುವಂತೆ ಮಾಡುವುದು ಹೇಗೆಂದು ಸಂಶೋಧನಾಲಯದಲ್ಲಿ ಹುಡುಕುವವಳು. ಮಾವನ ಸುದ್ದಿ ಕೇಳಿ ಓಡಿ ಬಂದಳು. ಮೆಣಸಿನಕಾಯಿಗೆ ಅಷ್ಟೊಂದು ಉಪ್ಪು ಬೇಕಾಗಿರುವುದು ರುಚಿಗಲ್ಲ, ಬಿಸಿಲಲ್ಲಿ ನಿಧಾನವಾಗಿ ಒಣಗುವಾಗ ಬೂಷ್ಟು ಹಿಡಿಯಬಾರದೆಂದು. ಬೇಗ ಒಣಗಿಸಿದರೆ ಅಷ್ಟು ಉಪ್ಪು ಬೇಡ ಎಂದು ತಿಳಿಸಿ ಹೇಳಿದಳು. ಬಿಸಿಗಾಳಿ ಆಡುವ ಪೆಟ್ಟಿಗೆಯೊಂದನ್ನು ಕಟ್ಟಿ ಅಂಗಳದಲ್ಲಿ ನಿಲ್ಲಿಸಿದಳು. ಮೊದಲ ಸಲ ಶಾಖ ಹೆಚ್ಚಾಗಿ ಸಿಪ್ಪೆ ಬಿರುಸಾಯಿತು, ಒಳಗೆ ಹಸಿ ಉಳಿದು ಬೂಷ್ಟಿಗೆ ಹಬ್ಬವಾಯಿತು. ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಶಾಖ ಇಳಿಸಿ, ಗಾಳಿ ಹೆಚ್ಚಿಸಿ, ಒಳ್ಳೆಯ ಸರಕು ತೆಗೆದಳು. ಉಪ್ಪು ಅರ್ಧ ಮಾಡಿದ್ದೇನೆ ಮಾವ ಎಂದು ಹೇಳಿಯೇ ಬಡಿಸಿದಳು. ಅದೇ ತಪ್ಪಾಯಿತು. ಕೊಟ್ರಪ್ಪ ಬಾಯಿಗಿಡುವ ಮೊದಲೇ ಮುಖ ಕಿವುಚಿದ. ಬೇಲಿಯ ಕಡ್ಡಿ ಅಗಿದ ಹಾಗಿದೆ ಎಂದು ಉಗುಳಿದ.

ಆಗ ಅವಳು ಪಂದ್ಯ ಕಟ್ಟಿದಳು. ಇನ್ನು ಮೇಲೆ ಉಪ್ಪು ಕಡಿಮೆ ಮಾಡುತ್ತೇನೆ, ಆದರೆ ಯಾವಾಗ, ಎಷ್ಟು ಎಂದು ಹೇಳುವುದಿಲ್ಲ. ನಿಮ್ಮ ನಾಲಿಗೆ ಅದನ್ನು ಹಿಡಿದ ದಿನ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತೇನೆ. ಬರುವ ಯುಗಾದಿಯವರೆಗೂ ಹಿಡಿಯದಿದ್ದರೆ ಆಮೇಲೆ ನಾನು ಹೇಳಿದಷ್ಟೇ ಉಪ್ಪು. ಕೊಟ್ರಪ್ಪ ತೊಡೆ ತಟ್ಟಿ ಒಪ್ಪಿದ. ಹಳೆಯ ಸರಕಿನಲ್ಲಿ ಒಂದಿಷ್ಟು ತೆಗೆದಿಡಿ, ಹೋಲಿಸಿ ನೋಡಲು ಬೇಕಾಗುತ್ತದೆ, ನಮ್ಮ ಸಂಶೋಧನಾಲಯದಲ್ಲಿ ಹಾಗೆಯೇ ಮಾಡುವುದು ಎಂದಳು. ಅವನೇ ತನ್ನ ಕೈಯಾರೆ ಒಂದು ಭರಣಿ ತುಂಬಿಸಿ, ಬಾಯಿಗೆ ಮೇಣ ಹಾಕಿ, ಅಟ್ಟದ ಮೇಲಿಟ್ಟ. ಮತ್ತೆ ಅದನ್ನು ಮುಟ್ಟಲಿಲ್ಲ. ಇಂಥ ನಾಲಿಗೆ ಇರುವಾಗ ಭರಣಿ ಯಾಕೆ ಎಂದು ಅವನ ಜಂಬ.

ದಾಕ್ಷಾಯಣಿ ಪ್ರತಿ ಸಲವೂ ಚಿಟಿಕೆ ಚಿಟಿಕೆಯಾಗಿ ಇಳಿಸಿದಳು. ಉಪ್ಪನ್ನು ಹಿಟ್ಟಿನಂತೆ ಪುಡಿ ಮಾಡಿಸಿ, ಕಡೆಯ ಸಲ ಅದ್ದುವಾಗ ಮೆಣಸಿನಕಾಯಿಯ ಮೇಲ್ಮೈಗಷ್ಟೇ ಹತ್ತಿಸಿದಳು. ನಾಲಿಗೆಗೆ ಮೊದಲು ಸಿಗುವುದು ಅದೇ ತಾನೇ? ಅತ್ತ ಹೆಂಡತಿಯೂ ಸಾರು ಪಲ್ಯದಲ್ಲಿ ಅದೇ ಕ್ರಮ ಹಿಡಿದಳು. ಕೊಟ್ರಪ್ಪ ಪ್ರತಿ ಸಲ ಕಣ್ಣು ಮುಚ್ಚಿ, ಕಡಿದು, ಹೂಂ ಅಂದ. ಗಿರಾಕಿಗಳೂ ಹೂಂ ಅಂದರು. ಡಾಕ್ಟರು ಒತ್ತಡ ಇಳಿದಿದೆ ಎಂದು ಮಾತ್ರೆ ಕಡಿಮೆ ಮಾಡಿದರು. ಅದಕ್ಕೆ ಕಾರಣ ತಾನು ಮನೆಯಿಂದ ಅಂಗಡಿಗೆ ನಡೆದು ಹೋಗುವುದು ಎಂದು ಅವನು ಎಲ್ಲರಿಗೂ ಹೇಳಿಕೊಂಡು ಬಂದ. ಅಂಗಡಿ ಇದ್ದದ್ದು ಮನೆಯ ಮುಂಭಾಗದಲ್ಲೇ.

ಯುಗಾದಿ ಬಂತು. ಬೇವು ಬೆಲ್ಲ ಹಂಚಿದ ಮೇಲೆ ಕೊಟ್ರಪ್ಪ ಮೀಸೆ ತಿರುವಿದ. ವರ್ಷವೆಲ್ಲ ತಿಂದಿದ್ದೇನೆ, ರುಚಿ ಒಂದಿಷ್ಟೂ ಬದಲಾಗಿಲ್ಲ. ಈ ಹುಡುಗಿ ಉಪ್ಪು ಕಡಿಮೆ ಮಾಡಲೇ ಇಲ್ಲ, ಸುಮ್ಮನೆ ಬುರುಡೆ ಬಿಟ್ಟಿದ್ದಾಳೆ ಎಂದ. ಪೆಟ್ಟಿಗೆ ಆಚೆಗಿಡಿ, ನಾಳೆಯಿಂದ ಮೊದಲಿನಂತೆ ಉಪ್ಪು ಸುರಿಯಿರಿ ಎಂದು ಆಳುಗಳಿಗೆ ಹೇಳಿಯೂಬಿಟ್ಟ. ವರ್ಷವೆಲ್ಲ ಕಾಪಾಡಿಕೊಂಡ ಗಂಡ ಒಂದು ಮಾತಿಗೆ ಕೈಬಿಟ್ಟು ಹೋಗುತ್ತಾನಲ್ಲ ಎಂದು ಹೆಂಡತಿಯ ಸಂಕಟ.

ದಾಕ್ಷಾಯಣಿ ವಾದಕ್ಕೆ ಹೋಗಲಿಲ್ಲ. ಅಟ್ಟದಿಂದ ಭರಣಿ ಇಳಿಸಿದಳು. ಮೇಣ ಒಡೆದವನು ಅವನೇ. ಒಂದನ್ನು ಕರಿಸಿ ತಟ್ಟೆಗೆ ಹಾಕಿದರು. ಕೊಟ್ರಪ್ಪ ಗತ್ತಿನಿಂದ ಕಡಿದ. ಕಣ್ಣು ಅಗಲವಾಯಿತು. ಥೂ ಎಂದು ಉಗುಳಿ, ನೀರಿನ ತಂಬಿಗೆ ಎತ್ತಿ ಗಟಗಟ ಕುಡಿದ.

"ಯಾವ ಮುಠ್ಠಾಳ ಮಾಡಿದ್ದು ಇದನ್ನು? ಮನುಷ್ಯರು ತಿನ್ನುವಂಥದ್ದೇ ಇದು?"

"ನೀವೇ ಮಾವ. ಮೇಣ ಹಾಕಿದ ಕೈಯೂ ನಿಮ್ಮದೇ."

ಕೊಟ್ರಪ್ಪ ಭರಣಿ ನೋಡಿದ, ಅವಳನ್ನು ನೋಡಿದ. ಆಮೇಲೆ ನಗಲು ಶುರು ಮಾಡಿದ. ನಕ್ಕು ನಕ್ಕು ಮತ್ತೆ ನೀರು ಬೇಕಾಯಿತು. ಪೆಟ್ಟಿಗೆ ಅಂಗಳದಲ್ಲೇ ಉಳಿಯಿತು, ಅವನೂ ಉಳಿದ.

ಗುರುಗಳು ಕತೆ ನಿಲ್ಲಿಸಿ ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು. ಚನ್ನವೀರನಿಗೆ ಸಮಾಧಾನವಾಗಲಿಲ್ಲ.

"ಅವನ ಹತ್ತಿರ ಭರಣಿ ಇತ್ತು, ಗುರುಗಳೇ. ನನ್ನನ್ನು ಹೋಲಿಸಿ ನೋಡಲು ಇಲ್ಲಿ ಏನಿದೆ?"

ಗುರುಗಳು ಎದ್ದು ಹೋಗಿ, ಗೋಡೆಗೆ ಒರಗಿಸಿದ್ದ ತಮ್ಮ ನೆಗ್ಗಿದ ತಟ್ಟೆಯನ್ನು ತಂದು ಅವನ ಮಡಿಲಲ್ಲಿಟ್ಟರು.

"ಬಂದ ದಿನ ಸಾರಿಗೆ ಉಪ್ಪು ಸಾಲದೆಂದು ನೀನು ಗೋಡೆಗೆ ಬೀಸಿದ ತಟ್ಟೆ ಇದು ಕಣಯ್ಯ, ಇವತ್ತಿನ ಸಾರಿಗೆ ನಾನು ಉಪ್ಪೇ ಹಾಕಿರಲಿಲ್ಲ."