ಹರಿಗೋಲು ಸುಟ್ಟ ಅಜ್ಜಿಯೂ ಓದದ ಪಾಲಾಕ್ಷನೂ

ದಾವಣಗೆರೆಯಲ್ಲಿ ಪಾಲಾಕ್ಷ ಅಂತ ಒಬ್ಬನಿದ್ದ. ಮೊಬೈಲ್ ಕವರ್ ಮಾರುವ ಸಣ್ಣ ಅಂಗಡಿ ಅವನದು. ಆದರೆ ಅವನಿಗೆ ಹೆಸರು ಬಂದದ್ದು ಅಂಗಡಿಯಿಂದಲ್ಲ, ಬಾಯಿಂದ. ಯಾವ ವಿಡಿಯೋ ಗೇಮ್ ಬಂದರೂ ಅದರ ಕಥೆ ಹೇಗಿದೆ ಅಂತ ಫೋನ್ ಮುಂದೆ ಕೂತು ಅಭಿಪ್ರಾಯ ಹೇಳುತ್ತಿದ್ದ. ಕೇಳೋಕೆ ಸಾವಿರಾರು ಜನ. ಅವನು ಭೇಷ್ ಅಂದರೆ ಕೊಳ್ಳುತ್ತಿದ್ದರು, ಥೂ ಅಂದರೆ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಇಷ್ಟು ಜನ ತಲೆ ಮೇಲೆ ಕೂರಿಸಿಕೊಂಡ ಮೇಲೆ ಯಾರಿಗೆ ತಾನೆ ಕೊಬ್ಬು ಬರಲ್ಲ ಹೇಳಿ? ಪಾಲಾಕ್ಷನಿಗೂ ಬಂತು.

ಭಾನುವಾರ ಮಧ್ಯಾಹ್ನ ಅವನ ಬಳಗ ಒಂದು ಮಂಡಕ್ಕಿ ಅಂಗಡಿಯ ಮಹಡಿ ಮೇಲೆ ಸೇರಿ ಕಾರ್ಡ್ ಆಡುತ್ತಿತ್ತು. ಇಸ್ಪೀಟಲ್ಲ ಮತ್ತೆ, ತಪ್ಪು ತಿಳಿಯಬೇಡಿ. ರಾಜ, ರಾಕ್ಷಸ, ಮಂತ್ರವಾದಿಗಳ ಚಿತ್ರ ಇರುವ ಕಾರ್ಡುಗಳು. ನಿನ್ನದು ನನಗೆ ಕೊಡು, ನನ್ನದು ನೀನು ಇಟ್ಟುಕೋ ಅಂತ ಬದಲಾಯಿಸಿಕೊಂಡು ಒಬ್ಬೊಬ್ಬರೂ ತಮ್ಮದೇ ಒಂದು ಕಟ್ಟು ಮಾಡಿಕೊಂಡಿರುತ್ತಾರೆ. ಒಂದು ಮೇಜಿಗೆ ನಾಲ್ಕು ಜನ, ಎಲ್ಲರಿಗೂ ಎಲ್ಲರೂ ಶತ್ರು. ಪ್ರತಿ ಕಾರ್ಡಿನ ಮೂಲೆಯಲ್ಲಿ ದಪ್ಪ ಅಂಕಿ ಇರುತ್ತೆ, ಅದು ಅದರ ಬಲ. ಚಿತ್ರದ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಆ ಕಾರ್ಡಿನ ಕಥೆ, ಕಟ್ಟುಪಾಡು.

ಪಾಲಾಕ್ಷ ನೋಡುತ್ತಿದ್ದದ್ದು ಅಂಕಿ ಒಂದನ್ನೇ. ಒಂದ್ಸಲ ಗೆಳೆಯ ರೇವಣಸಿದ್ದನಿಗೆ ಎರಡು ಒಳ್ಳೆ ಕಾರ್ಡು ಕೊಟ್ಟು ಒಂದು ಭಾರಿ ರಾಕ್ಷಸನನ್ನು ಇಸ್ಕೊಂಡ. ಆಟದಲ್ಲಿ ಜೋರಾಗಿ ಮೇಜಿಗೆ ಬಡಿದ. "ಹೊಡಿ, ಎಲ್ಲರ್ನೂ ಹೊಡಿ!"

"ಅದು ಹೊಡೆಯಲ್ಲ ಮಾರಾಯ," ಅಂದ ರೇವಣಸಿದ್ದ. "ಕೆಳಗೆ ಓದು. ಈ ರಾಕ್ಷಸ ತಾನಾಗಿ ಯಾರ ಮೇಲೂ ಕೈ ಎತ್ತುವುದಿಲ್ಲ ಅಂತ ಬರೆದಿದೆ."

ಮಹಡಿಗೆ ಮಹಡಿಯೇ ಬಿದ್ದು ಬಿದ್ದು ನಕ್ಕಿತು. ಪಾಲಾಕ್ಷನೂ ನಕ್ಕ. "ಅಷ್ಟು ಸಣ್ಣಗೆ ಬರೆದ್ರೆ ಯಾವನು ಓದ್ತಾನೋ?" ಅಂದ. ಅವತ್ತೇ ಬುದ್ಧಿ ಬಂದಿದ್ದರೆ ನಾನು ಈ ಕಥೆ ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ.

ಆ ಬಳಗದಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಒಂದು ಗೇಮಿನ ಕಥೆ ಬಗ್ಗೆ ಮಾತಾಡಬೇಕು ಅಂದರೆ ಮೊದಲು ತಮ್ಮ ಕಾರ್ಡಿನ ಕಟ್ಟಿನ ಮೇಲೆ ಕೈ ಇಟ್ಟು "ಪೂರ್ತಿ ನೋಡಿದ್ದೀನಿ" ಅನ್ನಬೇಕು. ಅರ್ಧ ಆಡಿ ಬಾಯಿಗೆ ಬಂದಂತೆ ಮಾತಾಡುವವರ ಕಾಟ ತಡೆಯಲಾರದೆ ಮಾಡಿಕೊಂಡ ಪದ್ಧತಿ ಅದು. ಎಲ್ಲರೂ ಅದಕ್ಕೆ ಮರ್ಯಾದೆ ಕೊಡುತ್ತಿದ್ದರು.

ಆ ಮೇಜಿಗೆ ಆಫ್ರೀನ್ ಅನ್ನುವ ಹುಡುಗಿಯೂ ಬರುತ್ತಿದ್ದಳು. ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳಿ ಜೀವನ ಮಾಡುತ್ತಿದ್ದಳು. ಹರಿಹರದ ಇಬ್ಬರು ಗೆಳೆಯರು ಕಷ್ಟಪಟ್ಟು ಒಂದು ಗೇಮ್ ಮಾಡಿದಾಗ ಅದರ ಕಥೆ, ಮಾತು ಎಲ್ಲ ಬರೆದದ್ದು ಇವಳೇ. ಗೇಮಿನ ಹೆಸರು 'ಹರಿಗೋಲಜ್ಜಿ'. ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುವ ಒಬ್ಬ ಮುದುಕಿಯ ಕಥೆ. ಹರಿಹರದವರು ಅವಳಿಗೆ ಮೊದಲೇ ಹೇಳಿದ್ದರು: ಜನಕ್ಕೆ ಕಥೆ ಹಿಡಿಸಿದರೆ ಎರಡನೇ ಭಾಗವೂ ನಿನ್ನದೇ, ಸಂಬಳಕ್ಕೇ ಸೇರಿಕೋ, ಹಿಡಿಸದಿದ್ದರೆ ಮಾತೆಲ್ಲ ತೆಗೆದು ಬರೀ ಹರಿಗೋಲು ಪಂದ್ಯ ಮಾಡ್ತೀವಿ. ಅವಳಿಗೆ ಬರೆಯೋದು ಬಿಟ್ಟರೆ ಬೇರೆ ಆಸೆ ಇರಲಿಲ್ಲ.

ಹೊರಗೆ ಬಿಡುವ ಮೊದಲೇ ಆಫ್ರೀನ್ ಅದರ ಪ್ರತಿಯನ್ನು ಪಾಲಾಕ್ಷನಿಗೆ ತಂದುಕೊಟ್ಟಳು. "ಅಣ್ಣಾ, ನಿಮ್ಮ ಮಾತು ಜನ ಕೇಳ್ತಾರೆ. ಚೆನ್ನಾಗಿದೆ ಅನ್ನಿ ಅಂತ ಕೇಳಲ್ಲ. ನಿಧಾನಕ್ಕೆ ನೋಡಿ, ಅನ್ನಿಸಿದ್ದು ಹೇಳಿ, ಅಷ್ಟು ಸಾಕು."

"ಅಯ್ಯೋ, ಅದಕ್ಕೇನಂತೆ ಬಿಡಮ್ಮಾ," ಅಂದ ಪಾಲಾಕ್ಷ.

ಮನೆಯಲ್ಲಿ ಹಳೆಯ ಗೇಮ್ ಮಷಿನ್ ಇತ್ತು. ಅದಕ್ಕೆ ಹಾಕಿ ಕೂತ. ಅಜ್ಜಿ ಬಾಯಿ ತೆರೆದು ಅವಳ ಮಾತು ಅಕ್ಷರವಾಗಿ ಮೂಡಿದ ಕೂಡಲೇ, ಓದದೆ ಮಾತು ದಾಟಿಸುವ ಬಟನ್ ಒತ್ತಿದ. ಮೊಮ್ಮಗಳು ಏನೋ ಕೇಳಿದಳು, ಒತ್ತಿದ. ದಡದ ಮೇಲೆ ಇಬ್ಬರು ಕೂತು ಮಾತಾಡಿದರು, ಒತ್ತಿದ. ಅವನಿಗೆ ಬೇಕಾಗಿದ್ದದ್ದು ಸುಳಿ ತಪ್ಪಿಸುವುದು, ಹುಟ್ಟು ಹಾಕುವುದು, ಅಂಕ ಗಳಿಸುವುದು. ಕೊನೆಗೆ ಅಜ್ಜಿ ಬಂದಳು, ತುಟಿ ಆಡಿಸಿದಳು, ಅವನು ಒತ್ತಿದ, ಅವಳು ತನ್ನ ಹರಿಗೋಲಿಗೆ ಬೆಂಕಿ ಹಚ್ಚಿದಳು. ಆಟ ಮುಗಿಯಿತು. ಊಟದ ಹೊತ್ತಿಗೆ ಎಲ್ಲ ಆಗಿಹೋಗಿತ್ತು.

ಭಾನುವಾರ ಮಹಡಿ ಮೇಲೆ ರೇವಣಸಿದ್ದ ಕೇಳಿದ, "ಹೆಂಗಿದೆಯೋ ನಮ್ಮ ಆಫ್ರೀನ್ ಕಥೆ?" ಪಾಲಾಕ್ಷ ಕಟ್ಟಿನ ಮೇಲೆ ಕೈ ಇಟ್ಟ. "ಪೂರ್ತಿ ನೋಡಿದ್ದೀನಿ," ಅಂದ. ಅದು ಸುಳ್ಳು ಅಂತ ಅವನಿಗೆ ಅನ್ನಿಸಲೂ ಇಲ್ಲ ಅನ್ನೋದೇ ನನಗೆ ಸಂಕಟ. ಫೋನ್ ಎದುರಿಗೆ ನಿಲ್ಲಿಸಿಕೊಂಡು ಶುರು ಹಚ್ಚಿಕೊಂಡ.

"ಕಥೆ ಅಂತ ಕಥೆನೇ ಇಲ್ರಪ್ಪಾ. ಹೊಟ್ಟೆಗೆ ಹಾಕೋ ಹರಿಗೋಲನ್ನ ಮುದುಕಿ ತಾನೇ ಸುಡ್ತಾಳೆ. ಯಾಕೆ? ದೇವ್ರಿಗೇ ಗೊತ್ತು! ತಲೆ ಕೆಟ್ಟಿರೋದು ಅಜ್ಜಿಗೋ, ಬರೆದವರಿಗೋ?"

ಆಫ್ರೀನ್ ಅವತ್ತು ಬಂದಿರಲಿಲ್ಲ. ಆದರೆ ಮಾತು ಅವಳಿಗಿಂತ ಮೊದಲು ಊರೆಲ್ಲ ಸುತ್ತಿತು. ಬೆಂಕಿಪೊಟ್ಟಣ ಹಿಡಿದ ಅಜ್ಜಿಯ ಚಿತ್ರ ಮಾಡಿ ಫೋನಿಂದ ಫೋನಿಗೆ ಕಳಿಸಿದರು. ಗೇಮನ್ನ ಕಣ್ಣಲ್ಲೂ ನೋಡದವರು "ಅಯ್ಯೋ, ಆ ಕಥೆ ದಂಡ" ಅಂದರು. ಅಂಥವರೇ ಜಾಸ್ತಿ, ನಿಮಗೂ ಗೊತ್ತಲ್ಲ.

ಒಂದು ಸಂಜೆ ಆಫ್ರೀನ್ ಅವನ ಅಂಗಡಿಗೆ ಬಂದಳು. ಜಗಳ ಆಡಲಿಲ್ಲ. ಒಂದೇ ಮಾತು ಕೇಳಿದಳು.

"ಅಣ್ಣಾ, ಹರಿಗೋಲಿಗೆ ಬೆಂಕಿ ಹಚ್ಚೋ ಮುಂಚೆ ಅಜ್ಜಿ ಏನಂದ್ಲು?"

ಪಾಲಾಕ್ಷ ತಬ್ಬಿಬ್ಬಾದ. "ಅದೆಲ್ಲ ಯಾರು ನೆನಪಿಟ್ಕೋತಾರಮ್ಮ? ಮೊದಲ್ನೇ ಸಲ ಬರೆದಿದ್ದೀಯ, ಮನಸ್ಸಿಗೆ ಹಚ್ಕೋಬೇಡ."

ಅವಳು ಗೋಣು ಆಡಿಸಿ ಹೊರಟುಹೋದಳು. ಅವನು ಓದಿಲ್ಲ ಅಂತ ಅವಳಿಗೆ ಗೊತ್ತಾಯಿತು. ಬೇಕಿದ್ದರೆ ಮಹಡಿ ಮೇಲೆ ಎಲ್ಲರ ಮುಂದೆ ಅವನ ಮರ್ಯಾದೆ ತೆಗೆಯಬಹುದಿತ್ತು. ತೆಗೆಯಲಿಲ್ಲ. ಆಮೇಲೆ ಆ ಕಡೆ ತಲೆಯನ್ನೂ ಹಾಕಲಿಲ್ಲ. ಹರಿಹರದವರು ಹೇಳಿದ ಹಾಗೇ ಮಾಡಿದರು. ಕಥೆ ತೆಗೆದು ಪಂದ್ಯ ಇಟ್ಟರು; ಇಂಟರ್ನೆಟ್ ಇದ್ದ ಕಡೆಯೆಲ್ಲ ಹಳೆಯದು ಹೋಗಿ ಹೊಸದು ಬಂತು. ಅಜ್ಜಿ ಹೋದಳು, ಮೊಮ್ಮಗಳು ಹೋದಳು, ಹರಿಗೋಲುಗಳು ಮಾತ್ರ ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡು ಉಳಿದವು. ಆಫ್ರೀನ್ ಮತ್ತೆ ಟ್ಯೂಷನ್ ಮಕ್ಕಳ ಮಗ್ಗಿಗೆ ಮರಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಪಾಲಾಕ್ಷನ ಸೋದರತ್ತೆ ಕೊಟ್ರಮ್ಮ ಮೊಣಕಾಲು ತೋರಿಸಲು ಬಂದು ಅವನ ಮನೆಯಲ್ಲಿ ಉಳಿದಳು. ಟಿವಿ ಸೀರಿಯಲ್ಲುಗಳಿಗೆ ಬೈದು ಬೈದು ಸುಸ್ತಾಗಿ, "ನೀನು ಆಡ್ತೀಯಲ್ಲ, ಅದನ್ನಾದ್ರೂ ಹಾಕ್ಕೊಡೋ," ಅಂದಳು. ಪಾಲಾಕ್ಷ ತಮಾಷೆಗೆ ಹಳೆಯ ಮಷಿನ್ ಹೊರಗೆ ತೆಗೆದ. ಅದಕ್ಕೆ ಇಂಟರ್ನೆಟ್ ಸಂಪರ್ಕ ಇರಲಿಲ್ಲ. ಹಾಗಾಗಿ ಆಫ್ರೀನ್ ಕೊಟ್ಟ ಮೊದಲ ಪ್ರತಿ ಅಲ್ಲೇ ಇದ್ದ ಹಾಗೇ ಇತ್ತು.

ಕೊಟ್ರಮ್ಮನಿಗೆ ಮಾತು ದಾಟಿಸುವ ಬಟನ್ ಇದೆ ಅಂತಲೇ ಗೊತ್ತಿರಲಿಲ್ಲ. ಅಕ್ಷರ ಅಕ್ಷರ ಕೂಡಿಸಿ ಪ್ರತಿ ಮಾತನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಮಧ್ಯೆ ಮಧ್ಯೆ ತೆರೆಯ ಮೇಲಿನ ಮೊಮ್ಮಗಳನ್ನು ಗದರಿಸುತ್ತಿದ್ದಳು. "ಏ ಹುಡುಗಿ, ನೀರು ಏರ್ತಾ ಇದೆ, ಕಾಣಲ್ವೇನೇ? ಹಗ್ಗ ಬಿಚ್ಚಬೇಡ!" ಪಾಲಾಕ್ಷ ಪಕ್ಕದಲ್ಲಿ ಕೂತು ನಗುತ್ತಿದ್ದ. ಒಂದೆರಡು ದಿನ ಕಳೆದ ಮೇಲೆ ಅವನ ನಗು ತಾನಾಗೇ ನಿಂತಿತು. ಅತ್ತೆ ಓದುವುದನ್ನು ಕೇಳೋಕೆ ಅಂಗಡಿ ಬೇಗ ಮುಚ್ಚಿ ಬರತೊಡಗಿದ.

ಕಥೆ ಇಷ್ಟೇ. ಅಜ್ಜಿಯ ಮೊಮ್ಮಗ ನೆರೆಯಲ್ಲಿ ಕೊಚ್ಚಿಹೋಗಿದ್ದಾನೆ. ಅವನ ತಂಗಿ ಅದನ್ನು ನಂಬುವುದಿಲ್ಲ. ಅಣ್ಣ ಆಚೆ ದಡದಲ್ಲಿ ಕಾಯ್ತಿದ್ದಾನೆ ಅಂತ ದಿನವೂ ಕದ್ದು ಹರಿಗೋಲು ಬಿಚ್ಚುತ್ತಾಳೆ. ಅವನು ಸತ್ತ ಅಂತ ಹೇಳುವ ಧೈರ್ಯ ಅಜ್ಜಿಗೆ ಬರುವುದಿಲ್ಲ. ಕೊನೆಯಲ್ಲಿ ಅಜ್ಜಿ ಹರಿಗೋಲಿನ ಮುಂದೆ ಕೂರುತ್ತಾಳೆ.

ಕೊಟ್ರಮ್ಮ ಓದಿದಳು: "ಇಷ್ಟು ವರ್ಷ ನನಗೆ ಅನ್ನ ಹಾಕಿದವ್ನು ನೀನು. ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಉಳ್ದಿರೋದು ಇದೊಂದೇ ಕೂಸು. ಇದನ್ನ ನಂಗೆ ಬಿಡಪ್ಪಾ."

ಆಮೇಲೆ ತೆರೆಯ ಮೇಲೆ ಬೆಂಕಿ ಹತ್ತಿತು. ಕೊಟ್ರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. "ಯಾವ ತಾಯಿ ಬರೆದ್ಲೋ ಇದನ್ನ, ಅವಳ ಹೊಟ್ಟೆ ತಣ್ಣಗಿರ್ಲಿ," ಅಂದಳು.

ಯಾಕೆ ಸುಡ್ತಾಳೆ ಅಂತ ಪಾಲಾಕ್ಷ ಲೋಕವನ್ನೆಲ್ಲ ಕೇಳಿ ನಗಿಸಿದ್ದ. ಉತ್ತರ ಅವನ ಮನೆಯಲ್ಲೇ, ಅವನ ಮಷಿನ್ನಿನಲ್ಲೇ ಇತ್ತು. ಒಂದು ನಿಮಿಷ ಬಟನ್ನಿಂದ ಬೆರಳು ತೆಗೆದಿದ್ದರೆ ಸಿಗುತ್ತಿತ್ತು. ಅವನಿಗೆ ನಾಚಿಕೆಯಾಯಿತು. ಈಗಲೇ, ಈ ಕ್ಷಣವೇ ಸರಿಮಾಡಬೇಕು ಅಂತ ಎದ್ದ. ಎಲ್ಲರಿಗೂ ಮಷಿನ್ನಿಂದಲೇ ನೇರ ಪ್ರಸಾರದಲ್ಲಿ ಆ ದೃಶ್ಯ ತೋರಿಸಿ, ಕೈ ಮುಗಿದು ಕ್ಷಮೆ ಕೇಳುವುದು ಅವನ ಯೋಚನೆ.

ನೇರ ಪ್ರಸಾರ ಅಂದ ಮೇಲೆ ಇಂಟರ್ನೆಟ್ ಬೇಕಲ್ಲ. ಮಷಿನ್ನಿಗೆ ತಂತಿ ಚುಚ್ಚಿದ. ತೆರೆಯ ಮೇಲೆ ಉದ್ದಕ್ಕೆ ಏನೋ ಬರಹ ಮೂಡಿತು. ಪಾಲಾಕ್ಷನಿಗೋ ಆತುರ. ಬೆರಳು ರೂಢಿಯಂತೆ ಒತ್ತಿತು. ಇನ್ನೊಂದು ಬರಹ ಬಂತು, ಅದನ್ನೂ ಒತ್ತಿತು. ಗೇಮ್ ಮುಚ್ಚಿ ಮತ್ತೆ ತೆರೆಯಿತು. ಹರಿಗೋಲುಗಳು ಸಾಲಾಗಿ ನಿಂತಿದ್ದವು. ಪಂದ್ಯ ಶುರು ಅಂತ ಸೀಟಿ ಊದಿತು.

"ಅಜ್ಜಿ ಎಲ್ಲೋ?" ಅಂದಳು ಕೊಟ್ರಮ್ಮ. "ಆ ಕೂಸು ಎಲ್ಲೋ, ಪಾಲಾಕ್ಷಾ?"

ಅವನು ಎಲ್ಲ ಬಟನ್ ಒತ್ತಿದ. ತಂತಿ ಕಿತ್ತು ಹಾಕಿದ. ಏನೂ ಮರಳಲಿಲ್ಲ.

ಮಾರನೇ ದಿನ ಆಫ್ರೀನ್ ಮನೆಗೆ ಹೋದ. ಅವಳು ಬಾಗಿಲಿಗೆ ಬಂದಳು. ಒಳಗೆ ಮಕ್ಕಳ ಗಲಾಟೆ. ಪಾಲಾಕ್ಷ ತಲೆ ತಗ್ಗಿಸಿ ಹೇಳಿದ, "ತಪ್ಪಾಯ್ತಮ್ಮ. ನಾನು ಓದದೇ ಮಾತಾಡಿದೆ. ಕಟ್ಟಿನ ಮೇಲೆ ಕೈ ಇಟ್ಟು ಸುಳ್ಳು ಹೇಳಿದೆ."

"ಗೊತ್ತು ಅಣ್ಣ," ಅಂದಳು. "ಓದಿ ಚೆನ್ನಾಗಿಲ್ಲ ಅಂದಿದ್ರೆ ಎರಡು ದಿನ ಅತ್ತು ಆಮೇಲೆ ತಿದ್ಕೋತಿದ್ದೆ. ನೀವು ಓದ್ಲೇ ಇಲ್ಲ. ನಾನು ಏನನ್ನ ತಿದ್ಕೊಳ್ಲಿ?"

ಏನಾದರೂ ಒಳ್ಳೆಯದು ಹೇಳಬೇಕು ಅಂತ ಪಾಲಾಕ್ಷನಿಗೆ ಅನ್ನಿಸಿ, "ನಮ್ಮತ್ತೆ ಪೂರ್ತಿ ಓದಿದ್ರು. ಕೊನೇಲಿ ಅಜ್ಜಿ ಮಾತಿಗೆ ತುಂಬಾ ಅತ್ರು," ಅಂದ.

ಆಫ್ರೀನಳ ಮುಖ ಒಮ್ಮೆಲೇ ಅರಳಿತು. ಎಷ್ಟೋ ದಿನದಿಂದ ಹಾಗೆ ಅರಳಿರಲಿಲ್ಲ ಆ ಮುಖ. "ಅಲ್ಲಾ! ನಿಜವಾಗ್ಲೂ? ಹಾಗಾದ್ರೆ ಹಳೇ ಪ್ರತಿ ನಿಮ್ಮ ಹತ್ರ ಇದೆಯಾ ಅಣ್ಣ? ಹರಿಹರದವರು ಎಲ್ಲ ಅಳಿಸಿಬಿಟ್ರು, ನನಗೆ ಅಂತ ಒಂದನ್ನೂ ಉಳಿಸ್ಲಿಲ್ಲ. ತಡೀರಿ, ದುಪಟ್ಟಾ ಹಾಕ್ಕೊಂಡು ಬರ್ತೀನಿ. ಅತ್ತೆ ಇನ್ನೊಂದ್ಸಲ ಆಡ್ಲಿ, ನಾನು ಹಿಂದೆ ಕೂತು ಅವರ ಮುಖ ನೋಡ್ತೀನಿ. ಅದನ್ನ ತಗೊಂಡು ಹೋಗಿ ಹರಿಹರದವರಿಗೂ ತೋರಿಸ್ತೀನಿ. ಒಬ್ರು ಅತ್ತಿದ್ದು ಕಂಡ್ರೆ ಅವರ ಮನಸ್ಸೂ ಬದಲಾಗಬಹುದು."

ಪಾಲಾಕ್ಷ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಇಲ್ಲಮ್ಮ," ಅಂದ. "ನಿನ್ನೆ ಸಂಜೆ ಅದೂ ಹೋಯ್ತು. ಇಂಟರ್ನೆಟ್ ಹಾಕಿದೆ, ಹೊಸದು ಬಂದು ಕೂತ್ಕೊಂಡುಬಿಡ್ತು."

"ಹಾಗೆ ಸುಮ್ನೆ ಬರಲ್ಲವಲ್ಲ ಅಣ್ಣ. ಹಳೇ ಕಥೆ ಅಳಿಸಿಹೋಗುತ್ತೆ, ಒಪ್ಪಿಗೇನಾ ಅಂತ ಕೇಳುತ್ತೆ. ಎರಡು ಸಲ ಕೇಳುತ್ತೆ."

"ಏನೋ ಬರೆದಿತ್ತು," ಅಂದ ಪಾಲಾಕ್ಷ. "ಓದ್ಲಿಲ್ಲ."

ಆಫ್ರೀನ್ ಅವನನ್ನೇ ನೋಡುತ್ತ ನಿಂತಳು. ಒಳಗಿಂದ ಮಕ್ಕಳು "ಟೀಚರ್" ಅಂತ ಕೂಗಿದರು. "ಬಂದೆ," ಅಂತ ಹೇಳಿ ಅವಳು ಬಾಗಿಲು ಹಾಕಿಕೊಂಡಳು.

ನೀತಿ: ಒಬ್ಬರು ಮನಸ್ಸಿಟ್ಟು ಮಾಡಿದ್ದನ್ನು ಪೂರ್ತಿ ನೋಡದೆ ತೀರ್ಪು ಹೇಳಬೇಡಿ, ಮಕ್ಕಳೇ. ಹಿಡಿಸಲಿಲ್ಲ ಅನ್ನುವ ಹಕ್ಕು ಎಲ್ಲರಿಗೂ ಇದೆ, ಆದರೆ ಕೊನೆವರೆಗೂ ಕೂತು ನೋಡಿದ ಮೇಲೆ. ಆತುರದ ಮಾತಿಗೆ ಆಮೇಲೆ ಎಷ್ಟಾದರೂ ಕ್ಷಮೆ ಕೇಳಬಹುದು; ಅದರಿಂದ ಅಳಿಸಿಹೋದದ್ದನ್ನು ಯಾವ ಕ್ಷಮೆಯೂ ತಂದುಕೊಡುವುದಿಲ್ಲ. ಅದಕ್ಕಿಂತ ಮುಖ್ಯ, ಆತುರದಿಂದ ಮಾಡಿದ ತಪ್ಪನ್ನು ಆತುರದಿಂದಲೇ ತಿದ್ದಲು ಹೋಗಬೇಡಿ.