ಗುಟ್ಟಿನ ಗಿರಾಕಿ ಚಿಕ್ಕಬೋರ

ಎಲ್ರೂ ಕೂತ್ರಾ? ಕಂಬಕ್ಕೆ ಒರಗಿದೋರು ತೂಕಡಿಸಬೇಡಿ. ಆಮೇಲೆ ಎಚ್ಚರಾಗಿ "ಯಾಕೆ ನಗ್ತಾ ಇದ್ದೀರಿ" ಅಂತ ಕೇಳಿದ್ರೆ ನಾನು ಮೊದಲಿಂದ ಹೇಳೋನಲ್ಲ.

ಒಂದು ಪೇಟೆ. ಆ ಪೇಟೆಯ ಕೋಟೆಬೀದೀಲಿ ಒಂದೇ ಗೋಡೆಗೆ ಎರಡು ಮನೆ. ಈ ಕಡೆ ಕಾಳಮ್ಮ, ಆ ಕಡೆ ಜವರಮ್ಮ. ಇಬ್ರೂ ಅಣ್ಣತಮ್ಮಂದಿರ ಹೆಂಡಿರು, ಕಾಳಮ್ಮ ಹಿರೀಳು, ಜವರಮ್ಮ ಕಿರೀಳು. ಗಂಡಂದಿರು ಗಾಡಿ ಹೊಡ್ಕೊಂಡು ಊರೂರು ತಿರುಗೋರು. ಇಬ್ರಿಗೂ ಒಬ್ಬೊಬ್ಬ ಮಗ. ಜವರಮ್ಮನ ಮಗ ನಂಜೇಶ, ಚುರುಕು ಅಂದ್ರೆ ಚುರುಕು. ಕಾಳಮ್ಮನ ಮಗ ಚಿಕ್ಕಬೋರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. "ಬಾಗಿಲು ನೋಡ್ಕೊ" ಅಂದ್ರೆ ಸಾಯಂಕಾಲದವರೆಗೂ ಬಾಗಿಲನ್ನೇ ನೋಡ್ತಾ ಕೂರೋನು, ಹಿತ್ತಲಿಂದ ಕೋಳಿ ಹೋದ್ರೂ ತಿರುಗಿ ನೋಡೋನಲ್ಲ.

"ನನ್ನ ಹೊಟ್ಟೇಲಿ ಯಾಕಾದ್ರೂ ಹುಟ್ಟಿದ್ಯೋ!" ಅನ್ನೋಳು ಕಾಳಮ್ಮ.

"ನೀನೇ ಹೆತ್ತೆ ಅಂತ ಚಿಕ್ಕವ್ವ ಹೇಳ್ತಿತ್ತು ಕಣವ್ವ" ಅನ್ನೋನು ಬೋರ.

ಕಾಳಮ್ಮನಿಗೆ ಮಗ ಪೆದ್ದ ಅನ್ನೋದಕ್ಕಿಂತ ನಂಜೇಶ ಜಾಣ ಅನ್ನೋದೇ ದೊಡ್ಡ ನೋವು. ಅದರ ಮೇಲೆ ನಂಜೇಶನಿಗೆ ಎಂಥ ಕೆಲಸ ಸಿಕ್ಕಿತ್ತು ಗೊತ್ತಾ? ತಿನ್ನೋ ಕೆಲಸ!

ಪೇಟೇಲಿ ಪದ್ಮನಾಭ ಶೆಟ್ರು ಅಂತ ಇದ್ರು. ಅವರದು ಒಂದು ಹೋಟ್ಲು, ಒಂದು ಮಿಠಾಯಿ ಅಂಗಡಿ, ಒಂದು ಬಟ್ಟೆ ಅಂಗಡಿ. ಕೆಲಸದೋರು ಗಿರಾಕಿಗಳನ್ನ ಹೆಂಗೆ ನೋಡ್ಕೋತಾರೆ ಅಂತ ತಿಳಿಯೋಕೆ ಶೆಟ್ರು ನಂಜೇಶನ್ನ ಗುಟ್ಟಾಗಿ ಕಳಿಸೋರು. ಅವನು ಗಿರಾಕಿ ಥರ ಹೋಗಬೇಕು, ತಿನ್ನಬೇಕು, ನೋಡಬೇಕು, ಬಂದು ಹೇಳಬೇಕು. ಅಷ್ಟೇ ಕೆಲಸ. ನಂಜೇಶನ ಕೆನ್ನೆ ತುಂಬಿ ಬಂತು. ಹೊಸ ಅಂಗಿ ಬಂತು. ಅವನು ತಂದ ಮೈಸೂರುಪಾಕಿನ ವಾಸನೆ ಗೋಡೆ ದಾಟಿ ಬಂದ್ರೆ ಕಾಳಮ್ಮ ಉಣ್ಣೋ ಮುದ್ದೆ ಗಂಟಲಲ್ಲೇ ನಿಲ್ಲೋದು.

ಆದ್ರೆ ಗುಟ್ಟು ಎಷ್ಟು ದಿನ ಗುಟ್ಟಾಗಿರ್ತದೆ? ಹೋಟ್ಲಿನೋರು ಅವನ ಗುರುತು ಹಿಡಿದ್ರು. ಮಿಠಾಯಿಯೋರು ಹಿಡಿದ್ರು. ಬಟ್ಟೆ ಅಂಗಡಿಯೋರೂ ಹಿಡಿದ್ರು. "ಬನ್ನಿ ನಂಜೇಶಣ್ಣ, ಕೂತ್ಕೊಳಿ ನಂಜೇಶಣ್ಣ!" ಇವನು ಹೋಗಿ "ಎಲ್ಲಾ ಚೆನ್ನಾಗದೆ ಬುದ್ಧಿ" ಅನ್ನೋನು. ಎಲ್ಲಾ ಚೆನ್ನಾಗಿದ್ರೆ ಹೋಟ್ಲಿನ ಬೆಂಚು ಯಾಕೆ ಖಾಲಿ? ಶೆಟ್ರಿಗೆ ಅನುಮಾನ ಬಂತು. "ನಿನ್ನ ಮುಖ ಎಲ್ರಿಗೂ ಗೊತ್ತಾಗೋಯ್ತು. ನೀನು ಬೇಡ, ಹೊಸಬ ಬೇಕು" ಅಂದ್ಬಿಟ್ರು.

ಆ ಮಾತು ಗೋಡೆ ಆಚೆಯಿಂದ ಕಿವಿಗೆ ಬಿದ್ದಿದ್ದೇ ತಡ, ಕಾಳಮ್ಮ ಸೆರಗು ಸಿಕ್ಕಿಸ್ಕೊಂಡು ಮಗನ್ನ ಶೆಟ್ರ ಹತ್ರಕ್ಕೆ ದರದರ ಎಳ್ಕೊಂಡು ಹೋದ್ಲು.

"ನನ್ನ ಮಗನ್ನ ಕಳಿಸಿ ಬುದ್ಧಿ! ಅವನನ್ನ ಯಾರೂ ಕಣ್ಣೆತ್ತಿ ನೋಡಲ್ಲ!"

ಶೆಟ್ರು ಬೋರನ್ನ ನೋಡಿದ್ರು. ಬೋರ ಶೆಟ್ರ ಹಿಂದಿನ ಗೋಡೆ ಮೇಲಿದ್ದ ಹಲ್ಲೀನ ನೋಡ್ತಿದ್ದ. "ನಾಲ್ಕು ದಿನ ನೋಡ್ತೀನಿ. ಆಗ್ದಿದ್ರೆ ನಂಜೇಶನ್ನೇ ಮತ್ತೆ ಕರೀತೀನಿ" ಅಂದ್ರು.

ನಂಜೇಶನ್ನ ಮತ್ತೆ ಕರೀತಾರಂತೆ! ಕಾಳಮ್ಮ ಮಗನ ಕಿವಿ ಹಿಡಿದು ಹೇಳಿದ್ಲು: "ಲೋ, ಶೆಟ್ರು ಕಳ್ಸವ್ರೆ ಅಂತ ಯಾರಿಗೂ ಹೇಳ್ಬೇಡ. ಏನೇ ಆದ್ರೂ ಹೇಳ್ಬೇಡ!"

"ಆಯ್ತವ್ವ."

ಬೋರ ಹೋಟ್ಲಿಗೆ ಹೋದ. ಬಡಿಸೋನು ಬಂದು "ಏನು ಕೊಡ್ಲಿ?" ಅಂದ.

"ಶೆಟ್ರು ಕಳ್ಸವ್ರೆ ಅಂತ ನಾನು ಹೇಳಲ್ಲ" ಅಂದ ಬೋರ.

"ಏನಂದೆ?"

"ನೀನು ಎಷ್ಟು ಕೇಳಿದ್ರೂ ಹೇಳಲ್ಲ. ನಮ್ಮವ್ವ ಬೇಡ ಅಂದದೆ."

ಬಡಿಸೋನು ಒಳಕ್ಕೆ ಓಡ್ದ. ಭಟ್ಟ ಹೊರಕ್ಕೆ ಓಡಿಬಂದ. ಎಲೆ ಬಂತು, ಎಲೆ ತುಂಬ ಹೋಳಿಗೆ ಬಂತು, ಹೋಳಿಗೆ ತೇಲೋಷ್ಟು ತುಪ್ಪ ಬಂತು. ಉಂಡು ಏದುಸಿರು ಬಿಡ್ತಾ ಬೋರ ಶೆಟ್ರ ಹತ್ರ ಹೋದ.

"ಹೆಂಗಿತ್ತಪ್ಪ ಹೋಟ್ಲು?"

"ನೀವು ಕಳ್ಸಿದ್ದು ಅಂತ ನಿಮಗೂ ಹೇಳಲ್ಲ ಬುದ್ಧಿ!"

ಸುದ್ದಿ ಕೋಟೆಬೀದಿಗೆ ಬಂತು. ನಂಜೇಶ ನಕ್ಕಿದ್ದು ಗೋಡೆ ಈಚೆಗೂ ಕೇಳಿಸ್ತು. ಕಾಳಮ್ಮ ತಲೆ ಚಚ್ಕೊಂಡ್ಲು.

"ಅಯ್ಯೋ ಮಂಕೇ! ಬಾಯಿಬಿಟ್ಟು ಕೆಡಿಸಿದ್ಯಲ್ಲೋ! ನಾಳೆ ಹೋದ ಕಡೆ ಬಾಯೇ ಬಿಡಬೇಡ!"

"ಆಯ್ತವ್ವ."

ಮಾರನೇ ದಿನ ಮಿಠಾಯಿ ಅಂಗಡಿ. ಬೋರ ಎರಡೂ ತುಟಿ ಒತ್ತಿ ಹಿಡಿದು, ಅದರ ಮೇಲೆ ಕೈ ಮುಚ್ಕೊಂಡು ನಿಂತ.

"ಏನು ಬೇಕಣ್ಣ?" ಮಾತಿಲ್ಲ. "ಜಾಮೂನಾ? ಜಿಲೇಬಿಯಾ?" ಮಾತಿಲ್ಲ. ಅಂಗಡಿಯೋನು ಒಂದು ತುಂಡು ಹಲ್ವ ಅಂಗೈ ಮೇಲಿಟ್ಟು, "ರುಚಿ ನೋಡಿ" ಅಂದ.

ಬೋರ ನೋಡ್ದ. ಮೇಲಿಂದ ನೋಡ್ದ, ಕೆಳಗಿಂದ ನೋಡ್ದ. ಒಂದು ಗಳಿಗೆ ಆಯ್ತು, ಎರಡು ಗಳಿಗೆ ಆಯ್ತು. ಹಲ್ವಕ್ಕೆ ಇರುವೆ ಬಂತು, ಇರುವೇನೂ ನೋಡ್ದ. ಅಂಗಡಿಯೋನಿಗೆ ಬೆವರು ಕಿತ್ಕೊಂಡು ಬಂತು.

"ತಿನ್ನಲ್ಲ, ಮಾತಾಡಲ್ಲ, ಇರುವೆ ಎಣಿಸ್ತಾವ್ನೆ! ಇವನು ಶೆಟ್ರ ಕಡೆಯೋನೇ ಕಣ್ರೋ!"

ತಗೋ, ಒಂದು ಡಬ್ಬ ಲಾಡು, ಒಂದು ಡಬ್ಬ ಪೇಡ! ಬೋರ ಎರಡು ಡಬ್ಬ ಹೊತ್ಕೊಂಡು ಶೆಟ್ರ ಮುಂದೆ ನಿಂತ. ಅವರು ಕೇಳಿದ್ದೇ ಕೇಳಿದ್ದು, ಇವನು ಬಾಯಿ ಬಿಡಲಿಲ್ಲ. ಕೊನೆಗೆ ಅವರೇ ಕೈಮುಗಿದು ಕಳಿಸಿದ್ರು.

"ಗಿರಾಕಿ ಥರ ಇರೋಕೆ ಬರಲ್ವೇನೋ ನಿಂಗೆ!" ಕಾಳಮ್ಮ ಪೊರಕೆ ಎತ್ಕೊಂಡ್ಲು. "ಅಲ್ಲಿ ಬೇರೆ ಗಿರಾಕಿ ಇರಲ್ವಾ? ಪಕ್ಕದೋರು ಏನು ಮಾಡ್ತಾರೋ ಹಂಗೇ ಮಾಡು! ಏನು ಆಡ್ತಾರೋ ಹಂಗೇ ಆಡು!"

"ಆಯ್ತವ್ವ."

ಮೂರನೇ ದಿನ ಬಟ್ಟೆ ಅಂಗಡಿ. ಅವತ್ತು ಅಲ್ಲಿ ಮದುವೆ ಜವಳಿಗೆ ಬಂದೋರ ಗುಂಪು. ಹುಡುಗಿ ಕನ್ನಡಿ ಮುಂದೆ ಕೂತು ಹೆಗಲ ಮೇಲೆ ಸೀರೆ ಹಾಕ್ಕೊಂಡ್ಲು. ಬೋರ ಅವಳ ಪಕ್ಕ ಕೂತು ತಾನೂ ಒಂದು ಸೀರೆ ಹಾಕ್ಕೊಂಡ. ಹುಡುಗಿ ಸೆರಗು ಬಿಡಿಸಿದ್ಲು, ಬೋರನೂ ಬಿಡಿಸ್ದ. ಹುಡುಗಿ ನಾಚ್ಕೊಂಡ್ಲು, ಬೋರನೂ ನಾಚ್ಕೊಂಡ.

ಹುಡುಗಿ ತಾಯಿ "ನಮ್ಮ ಹುಡುಗಿಗೆ ಈ ಬಣ್ಣ ಒಪ್ತದಾ?" ಅಂದ್ಲು.

"ನಮ್ಮ ಹುಡುಗಿಗೆ ಈ ಬಣ್ಣ ಒಪ್ತದಾ?" ಅಂದ ಬೋರ.

ಆ ಕಡೆ ಕೂತಿದ್ದ ಮದುವೆ ಗಂಡು ಧಡಕ್ಕನೆ ಎದ್ದ. "ಯಾವನ್ಲಾ ನೀನು? ನಮ್ಮ ಹುಡುಗಿ ಅಂತೀಯಾ?"

"ಯಾವನ್ಲಾ ನೀನು? ನಮ್ಮ ಹುಡುಗಿ ಅಂತೀಯಾ?"

"ಓಹೋ! ನಂಗೇ ಕೇಳ್ತೀಯಾ! ಇವನಿಗೂ ನಿಂಗೂ ಏನೇ?" ಅಂತ ಗಂಡು ಹುಡುಗಿ ಮೇಲೆ ತಿರುಗಿದ. ಹುಡುಗಿ ಅಳೋಕೆ ಶುರು ಮಾಡಿದ್ಲು. ಬೋರನೂ ಅತ್ತ. ಗಂಡು ಅವನ ಕೆನ್ನೆಗೆ ಒಂದು ಬಾರಿಸಿದ. ಬೋರನೂ ಗಂಡಿನ ಕೆನ್ನೆಗೆ ಒಂದು ಬಾರಿಸಿದ.

ಗಲಾಟೆ ಬಿಡಿಸೋಕೆ ಬಂದ ಅಂಗಡಿಯೋರು ಸೀರೆ ಸರಿಸಿ ನೋಡ್ತಾರೆ, ಹೋಟ್ಲಿನೋರು ಹೇಳಿದ್ದ ಅದೇ ಮುಖ! "ಅಯ್ಯಯ್ಯೋ, ಹೊಡೀಬೇಡಿ! ಇವರು ಶೆಟ್ರ ಗುಟ್ಟಿನ ಗಿರಾಕಿ!" ಬೋರನಿಗೆ ಒಂದು ಶಲ್ಯ ಹೊದಿಸಿ, ಕೈಹಿಡಿದು ಬೀದಿವರೆಗೂ ಬಿಟ್ರು.

ಅವತ್ತು ಕಾಳಮ್ಮ ಕೂಗಿದ ಕೂಗಿಗೆ ಇಡೀ ಬೀದಿ ಬಾಗಿಲಿಗೆ ಬಂತು. "ನಾಳೆ ಕಳೆದ್ರೆ ನಾಲ್ಕು ದಿನ ಮುಗೀತು! ನಾಡಿದ್ದು ಮತ್ತೆ ಆ ನಂಜೇಶನೇ ಮೈಸೂರುಪಾಕು ತರ್ತಾನೆ, ನಾನು ವಾಸನೆ ಕುಡ್ಕೊಂಡು ಸಾಯ್ಬೇಕು! ಲೋ, ಇನ್ಮೇಲೆ ಯಾರಿಗೂ ನಿನ್ನ ಮುಖ ತೋರಿಸ್ಬೇಡ!"

"ಆಯ್ತವ್ವ."

ಬೆಳಗ್ಗೆ ಬೋರ ಹಿಂದುಹಿಂದಕ್ಕೆ ನಡ್ಕೊಂಡು ಹೋಟ್ಲಿಗೆ ಹೊರಟ. ಮುಖ ಬೀದಿ ಕಡೆ, ಬೆನ್ನು ಹೋಟ್ಲ ಕಡೆ. ಒಳಗಿದ್ದೋರು ನೋಡಿದ್ರು. ಯಾರೋ ಉಂಡು ಹೊರಕ್ಕೆ ಹೋಗ್ತಾವ್ನೆ ಅನ್ಕೊಂಡ್ರು. ಯಾರೂ ಬನ್ನಿ ಅನ್ಲಿಲ್ಲ, ಕೂತ್ಕೊಳಿ ಅನ್ಲಿಲ್ಲ. ಬೋರ ಹಿಂದುಹಿಂದಕ್ಕೆ ಹೋದ, ಬೆಂಚು ದಾಟಿದ, ಗಲ್ಲಾ ದಾಟಿದ, ಅಡುಗೆಮನೆ ಹೊಕ್ಕು ಅಕ್ಕಿಮೂಟೆ ಮೇಲೆ ಗೋಡೆಗೆ ಮುಖ ಮಾಡ್ಕೊಂಡು ಕೂತ. ಭಟ್ಟ ಬೆನ್ನು ನೋಡಿ, ಮೂಟೆ ಹೊರೋ ಆಳು ಸುಧಾರಿಸ್ಕೋತಾವ್ನೆ ಅಂತ ಸುಮ್ಮನಾದ.

ಆಮೇಲೆ ಬಡಿಸೋನಿಗೆ ಹೇಳಿದ: "ಆ ಬೋರನೋ ನಂಜೇಶನೋ ಬಂದ್ರೆ ಚಿಕ್ಕ ಮಡಕೆ ತುಪ್ಪ ಹಾಕು. ಮಿಕ್ಕೋರಿಗೆ ದೊಡ್ಡ ಮಡಕೇದು, ಎಣ್ಣೆ ಬೆರೆಸಿರೋದು. ನೆನ್ನೆ ಸಾರು ಉಳಿದದೆ, ಬಿಸಿನೀರು ಹುಯ್ದು ಸಾಗಿಸು."

ಬೋರ ಕೇಳಿಸ್ಕೊಂಡ. ಹಿಂದುಹಿಂದಕ್ಕೇ ಎದ್ದುಬಂದ. ಶೆಟ್ರ ಮನೇಲಿ ಗೋಡೆಗೆ ಮುಖ ಮಾಡಿ ನಿಂತು, ಒಂದು ಅಕ್ಷರ ಬಿಡದಂಗೆ ಒಪ್ಪಿಸಿದ. ಚಿಕ್ಕ ಮಡಕೆ, ದೊಡ್ಡ ಮಡಕೆ, ನೆನ್ನೆ ಸಾರು, ಬಿಸಿನೀರು. ಎಲ್ಲಾ!

ಶೆಟ್ರು ಆಗಿಂದಾಗಲೇ ಹೋಟ್ಲಿಗೆ ಹೋಗಿ ಎರಡೂ ಮಡಕೆ ಈಚೆಗೆ ತರಿಸಿದ್ರು. ದೊಡ್ಡದನ್ನ ಬೀದೀಲಿ ಒಡೆಸಿದ್ರು. ಭಟ್ಟನ್ನ ಕೆಲಸದಿಂದ ಬಿಡಿಸಿದ್ರು. "ಇನ್ನು ಗುಟ್ಟೂ ಬೇಡ, ಗಿರಾಕಿ ವೇಷಾನೂ ಬೇಡ. ಚಿಕ್ಕಬೋರ ದಿನಾ ಎಲ್ರ ಕಣ್ಣೆದುರೇ ಕೂತು ಉಣ್ಲಿ, ಕಂಡಿದ್ದನ್ನ ಕಂಡಂಗೆ ಬಂದು ಹೇಳ್ಲಿ" ಅಂದ್ರು. ನಂಜೇಶನಿಗೆ ಅದೇ ಹೋಟ್ಲಲ್ಲಿ ಬಡಿಸೋ ಕೆಲಸ ಕೊಟ್ರು.

ಕಾಳಮ್ಮನ ಕಾಲು ನೆಲದ ಮೇಲಿಲ್ಲ! ಮಿಠಾಯಿ ಡಬ್ಬ ಎರಡೂ ತೆರೆದು ಗೋಡೆ ಪಕ್ಕ ಇಟ್ಲು. ಕಿವಿಯಾನಿಸಿ ಕೂತ್ಲು. ಜವರಮ್ಮ ಅಳ್ತಾಳೆ, ಮಗನ್ನ ಬೈತಾಳೆ ಅಂತ ಕಾದ್ಲು. ಅಳು ಇಲ್ಲ, ಬೈಗುಳ ಇಲ್ಲ. ಜವರಮ್ಮ ಒಗ್ಗರಣೆ ಹಾಕ್ತಾ ಸಣ್ಣಗೆ ಹಾಡು ಹೇಳ್ಕೋತಿದ್ಲು!

ಕಾಳಮ್ಮನಿಗೆ ತಡೆಯೋಕಾಗಲಿಲ್ಲ. ಗೆದ್ದೂ ಗೆದ್ದಂಗಿಲ್ವಲ್ಲ! "ಲೋ ಬೋರ, ಹೋಗ್ಲಾ ಆ ಚಿಕ್ಕವ್ವನ ಮನೆಗೆ! ಅವಳ ಹೊಟ್ಟೆ ಉರಿಯಂಗೆ ಮಾಡಿ ಬಾ! ನಾನು ಹಿಂದೇನೇ ಬಂದು ನೋಡ್ತೀನಿ!"

"ಆಯ್ತವ್ವ."

ಬೋರ ಹೋದ. ಜವರಮ್ಮ ನೀರು ಸೇದೋಕೆ ಹಿತ್ತಲಿಗೆ ಹೋಗಿದ್ಲು. ಒಲೆ ಮೇಲೆ ಸೊಪ್ಪಿನ ಸಾರು ಕುದೀತಿತ್ತು. ಬೋರ ಸುತ್ತ ನೋಡ್ದ, ಖಾರದಪುಡಿ ಡಬ್ಬ ಸಿಕ್ತು. ಒಂದು ಹಿಡಿ ಹಾಕ್ದ. ಉರೀತದೋ ಇಲ್ವೋ ಅಂತ ಇನ್ನೊಂದು ಹಿಡಿ ಹಾಕ್ದ. ಸೌಟಲ್ಲಿ ಚೆನ್ನಾಗಿ ತಿರುವಿ, ಮೂಲೇಲಿ ಹೋಗಿ ನಿಂತ.

ಅಷ್ಟರಲ್ಲಿ ಕಾಳಮ್ಮ ಒಳಗೆ ಬಂದ್ಲು. ಹಿತ್ತಲಿಂದ ಜವರಮ್ಮನೂ ಬಂದ್ಲು, ನಗ್ತಾ ಬಂದ್ಲು. "ಬಾ ಅಕ್ಕ! ಎಷ್ಟು ದಿನ ಆಯ್ತು ನೀನು ಈ ಹೊಸಲು ತುಳಿದು! ಕೂತ್ಕೊ, ಒಂದು ತುತ್ತು ಉಣ್ಣು."

"ನಿನ್ನ ಮಗನ ತಿನ್ನೋ ಕೆಲಸ ಹೋಯ್ತಂತಲ್ಲೇ ಜವರಿ?" ಅಂದ್ಲು ಕಾಳಮ್ಮ.

"ಹೋಯ್ತು ಕಣಕ್ಕ, ಪುಣ್ಯ!" ಜವರಮ್ಮ ತಟ್ಟೆಗೆ ಮುದ್ದೆ ಹಾಕಿದ್ಲು. "ವರ್ಷ ಆಗಿತ್ತು ಅವನು ನನ್ನ ಕೈಯಡುಗೆ ಉಂಡು. ಬರೋನು, ಹೊಟ್ಟೆ ತುಂಬದೆ ಅನ್ನೋನು, ಮಲಗೋನು. ನಾನು ಒಬ್ಳೇ ತಟ್ಟೆ ಮುಂದೆ ಕೂರೋಳು. ಗೋಡೆ ಆಚೆ ನೀನು ಬೋರನಿಗೆ ಬೈತಾ ಬೈತಾ ಬಡಿಸೋದು ಕೇಳಿಸೋದು. ನಿನ್ನ ಮೇಲೆ ನಂಗೆ ಎಷ್ಟು ಕರುಬು ಇತ್ತು ಗೊತ್ತಾ ಅಕ್ಕ?"

ಕಾಳಮ್ಮ ಮೂಲೇಲಿದ್ದ ಮಗನ ಕಡೆ ನೋಡಿದ್ಲು. ತನ್ನ ಮೇಲೆ ಕರುಬೋರೂ ಇದ್ರಾ? ಈ ಪೆದ್ದನ್ನ ಕಂಡು? ತಲೆ ತಗ್ಗಿಸಿ ಮುದ್ದೆ ಮುರಿದ್ಲು, ಸಾರಲ್ಲಿ ಅದ್ದಿದ್ಲು, ನುಂಗಿದ್ಲು. ಜವರಮ್ಮನೂ ಅದ್ದಿದ್ಲು, ನುಂಗಿದ್ಲು.

"ಅಯ್ಯಯ್ಯಪ್ಪೋ!" ಅಂದ್ಲು ಜವರಮ್ಮ.

"ಅಯ್ಯಯ್ಯಮ್ಮೋ!" ಅಂದ್ಲು ಕಾಳಮ್ಮ.

ಒಂದೇ ಚೊಂಬು ನೀರಿಗೆ ಇಬ್ರೂ ಕೈಹಾಕಿದ್ರು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. "ಹೊಟ್ಟೆ ಉರೀತದೆ ಅಕ್ಕಾ!" "ನಂದೂ ಉರೀತದೆ ಜವರೀ!"

ಮೂಲೇಲಿ ನಿಂತಿದ್ದ ಬೋರ ಗಾಬರಿಯಾಗಿ ಮುಂದೆ ಬಂದ.

"ಅವ್ವಾ, ಚಿಕ್ಕವ್ವಂದು ಮಾತ್ರ ಅಂದಿದ್ಯಲ್ಲ! ನಿಂದೂ ಉರೀಬೇಕು ಅಂತ ಮೊದಲೇ ಹೇಳಿದ್ರೆ, ಇನ್ನೊಂದು ಹಿಡಿ ಹಾಕ್ತಿದ್ದೆ!"